ಹಂಪಿ ಕಂಡ ಕಣ್ಣಿಗೆ ಹಳೆ ಗೋವೆಯ ಪ್ರಧಾನಾಲಯ

ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಹಳೆ ಗೋವೆಯ ಇಗರ್ಜಿಗಳೂ ಕಾನ್ವೆಂಟುಗಳೂ ಸೇರಿದ್ದು ಅದೇ ವರ್ಷ. ಹೊಸಪೇಟೆಯಲ್ಲಿ ನಿಂತು ಹೋಗುವ ವಾಸ್ಕೋ ರೈಲು ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿದು ಈ ಎರಡು ಪಟ್ಟಣಗಳನ್ನು ಹೆಚ್ಚುಕಡಿಮೆ ಜೋಡಿಸುತ್ತದೆ. ಸಂಡೂರಿನ ಗುಡ್ಡದ ಅದಿರು ದಶಕಗಳ ಕಾಲ ಇದೇ ದಾರಿಯಲ್ಲಿ ಮುರಗಾಂವ್ ಬಂದರಿಗೆ ಹೋಯಿತು. ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬೇಕಾದ ಕಲ್ಲಿದ್ದಲು ಇದೇ ದಾರಿಯಲ್ಲಿ ಮೇಲೆ ಬಂತು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಜನ ರಜೆ ಸಿಕ್ಕರೆ ಗೋವೆಗೆ ಹೋಗುವುದು ಹೊಸದೇನಲ್ಲ. ಸಮುದ್ರ ನೋಡಿದ ಮೇಲೆ ಉಳಿದ ಅರ್ಧ ದಿನದಲ್ಲಿ ಹಳೆ ಗೋವೆಯ ಪ್ರಧಾನಾಲಯವಾದ ಸೇ ಕಥೀಡ್ರಲ್ ಮುಂದೆ ಇಳಿದು, ನಾಲ್ಕು ಫೋಟೋ ತೆಗೆದುಕೊಂಡು, ಎದುರಿನ ಬೊಮ್ ಜೀಸಸ್‌ನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರವಿರುವ ಪೆಟ್ಟಿಗೆಯನ್ನು ದೂರದಿಂದ ನೋಡಿ ಬಸ್ಸು ಹತ್ತುವುದೂ ಹೊಸದಲ್ಲ.

ಆ ಅರ್ಧ ದಿನವನ್ನು ನಾವು ಹೇಗೆ ಕಳೆಯಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಹಂಪಿಯ ಮಗ್ಗುಲಲ್ಲಿ ಬದುಕುವವರಿಗೆ ಇದಕ್ಕೆ ಉತ್ತರ ಹೇಳುವ ಯೋಗ್ಯತೆ ಬೇರೆಯವರಿಗಿಂತ ಹೆಚ್ಚು ಎಂಬುದು ನನ್ನ ವಾದ. ಪೂಜೆ ನಡೆಯುವ ಗುಡಿಗೆ ದಿನವೂ ಸಾವಿರಾರು ಜನ ಬರೀ ನೋಡಲು ಬಂದರೆ ಏನಾಗುತ್ತದೆ, ಅವರ ಬಾಯಿಂದ ಎಂಥ ಮಾತು ಬರುತ್ತದೆ, ಸರ್ಕಾರ ಎಂಥ ನಿಯಮ ತರುತ್ತದೆ ಎಂಬುದೆಲ್ಲ ನಮಗೆ ಗೊತ್ತು. ವಿರೂಪಾಕ್ಷನ ಗುಡಿಗೆ ಬರುವ ಪರಊರಿನವರಿಂದ ನಾವು ಏನನ್ನು ಬಯಸುತ್ತೇವೆಯೋ ಅದನ್ನೇ ಹಳೆ ಗೋವೆಯ ಪ್ರಧಾನಾಲಯದಲ್ಲಿ ನಾವು ನಡೆಸಿ ತೋರಿಸಬೇಕು. ಎರಡು ಕಡೆಗೂ ಅಳತೆಗೋಲು ಒಂದೇ ಇರಬೇಕು.

ಮೊದಲು ಎರಡು ಊರುಗಳ ನಂಟನ್ನು ನೋಡೋಣ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ವಿರೂಪಾಕ್ಷ ಗುಡಿಯ ರಂಗಮಂಟಪ ಕಟ್ಟಿಸಿದ ಶಾಸನ 1510ರ ಕಾಲದ್ದು. ಆ ವರ್ಷವೇ ನವೆಂಬರ್ 25ರಂದು ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದ ಆದಿಲಶಾಹಿಯಿಂದ ಕಸಿದುಕೊಂಡ. ಅದಕ್ಕೆ ಹೊನ್ನಾವರದ ಕಡೆಯ ತಿಮ್ಮಯ್ಯನ ನೆರವಿತ್ತು. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ರೇವು ಗೋವೆ. ಆ ಕುದುರೆಗಳ ದೊಡ್ಡ ಗಿರಾಕಿ ವಿಜಯನಗರ. ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಬರಬೇಕೆಂದು 1547ರಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವೇ ಆಯಿತು. 1565ರ ರಕ್ಕಸತಂಗಡಿ ಯುದ್ಧದ ನಂತರ ಗೋವೆಯ ವ್ಯಾಪಾರ ಕುಗ್ಗಿದ್ದನ್ನು ಪೋರ್ಚುಗೀಸ್ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಸೇ ಪ್ರಧಾನಾಲಯದ ಕೆಲಸ ಆರಂಭವಾಗಿದ್ದು 1562ರಲ್ಲಿ, ಅಂದರೆ ಆ ಯುದ್ಧಕ್ಕೆ ಮೂರು ವರ್ಷ ಮುಂಚೆ. ಕಟ್ಟಡ ಮುಗಿಯುವ ಹೊತ್ತಿಗೆ 1619. ಬುನಾದಿ ಹಾಕುವಾಗ ಘಟ್ಟದ ಮೇಲೆ ಇದ್ದ ಮಹಾನಗರ ಮುಗಿಯುವಾಗ ಹಾಳುಬಿದ್ದು ಅರ್ಧ ಶತಮಾನ ದಾಟಿತ್ತು.

ಹೊಸಪೇಟೆಗೂ ಈ ಕತೆಯಲ್ಲಿ ಪಾಲಿದೆ. ನಾಗಲಾಪುರವೆಂದು ಕೃಷ್ಣದೇವರಾಯ ಈ ಊರನ್ನು ಕಟ್ಟಿಸುವಾಗ ನೀರಿಗಾಗಿ ದೊಡ್ಡ ಕೆರೆಯೊಂದನ್ನು ಮಾಡಿಸಿದ. ಅದಕ್ಕಾಗಿ ಗೋವೆಯಿಂದ ಜೊವಾವೊ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನನ್ನು ಕರೆಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಂಡೂರಿನ ಕಣಿವೆಯ ಬಾಯಿಗೆ, ಎರಡು ಗುಡ್ಡಗಳ ನಡುವೆ ಅಡ್ಡವಾಗಿ ಹಾಕಿದ ಆ ಏರಿಯೇ ನಾವು ರಾಯರ ಕೆರೆ ಎಂದು ಕರೆಯುವ ಕೆರೆಯದು. ಏರಿ ಮತ್ತೆ ಮತ್ತೆ ಒಡೆದಾಗ ರಾಯ ನರಬಲಿ ಕೊಡಿಸಿದನೆಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯಸ್ ಮತ್ತು ನೂನಿಜ್ ಇಬ್ಬರೂ ಹೇಳುತ್ತಾರೆ. ನೂನಿಜ್ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಆ ಪರದೇಶಿ ಮೇಸ್ತ್ರಿ ಸುಣ್ಣ ಸಿದ್ಧಮಾಡಿಸಿ ಎಂದು ಕೇಳಿದಾಗ ರಾಯ ನಕ್ಕನಂತೆ, ಯಾಕೆಂದರೆ ಈ ನಾಡಿನವರಿಗೆ ಮನೆ ಕಟ್ಟುವಾಗ ಸುಣ್ಣ ಬಳಸುವುದೇ ಗೊತ್ತಿಲ್ಲವಂತೆ.

ಹಂಪಿ ನೋಡಿದ ಯಾರಿಗೂ ಈ ಕೊನೆಯ ಮಾತು ಹಿಡಿಸುವುದಿಲ್ಲ. ಗೋಪುರಗಳ ಮೇಲಿನ ಇಟ್ಟಿಗೆಯ ಮಜಲುಗಳಿಗೆ ಗಾರೆ, ಕಮಲ ಮಹಲಿನ ಕಮಾನುಗಳಿಗೆ ಗಾರೆ, ಉಗ್ರನರಸಿಂಹನ ಮೈಮೇಲೆ ಕೂಡ ಒಂದು ಕಾಲಕ್ಕೆ ಗಾರೆಯ ಲೇಪ. ಸುಣ್ಣ ಅರೆಯುವುದರಲ್ಲಿ ಈ ನಾಡಿನ ಗೌಂಡಿಗಳು ಯಾರಿಗೂ ಕಡಿಮೆಯಿರಲಿಲ್ಲ. ಊರಲ್ಲೇ ಮೂರು ವರ್ಷದಷ್ಟು ಕಾಲ ಇದ್ದ ನೂನಿಜ್ ಕಣ್ಣೆದುರಿಗಿದ್ದುದನ್ನು ನೋಡದೆ ಬರೆದ. ಅವನಿಗಿಂತ ಸುಮಾರು ಹದಿನೈದು ವರ್ಷ ಮುಂಚೆ, 1520ರ ಹೊತ್ತಿಗೆ ಬಂದಿದ್ದ ಡೊಮಿಂಗೊ ಪಾಯಸ್ ಬೇರೆ ತರಹದ ನೋಡುಗ. ಅವನೂ ಕೆಥೋಲಿಕ. ಈ ನಾಡಿನ ದೇವರು ಅವನ ಪಾಲಿಗೆ ದೇವರಲ್ಲ. ಆದರೂ ಮಹಾನವಮಿಯ ಒಂಬತ್ತು ದಿನಗಳನ್ನು, ಬೀದಿಯಲ್ಲಿ ಮಾರುವ ದವಸಧಾನ್ಯಗಳನ್ನು, ಗುಡಿಯ ಬಾಗಿಲು ಕಂಬಗಳನ್ನು ಬಿಡದೆ ಬರೆದ. ಊರು ರೋಮ್‌ನಷ್ಟು ದೊಡ್ಡದಿರಬೇಕು ಎಂದು ಒಪ್ಪಿಕೊಂಡ. ರಾಬರ್ಟ್ ಸಿವೆಲ್ 1900ರಲ್ಲಿ ಈ ಇಬ್ಬರ ಬರಹಗಳನ್ನು ಇಂಗ್ಲಿಷಿನಲ್ಲಿ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಕೊಡದೆ ಹೋಗಿದ್ದರೆ ವಿಜಯನಗರದ ಬೀದಿಬದುಕು ನಮಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಕಂಪ್ಲಿಯ ಕತೆಯೂ ಹೀಗೆಯೇ. ಆಶ್ರಯ ಬೇಡಿ ಬಂದವನನ್ನು ದೆಹಲಿಯ ಸುಲ್ತಾನನಿಗೆ ಒಪ್ಪಿಸದೆ 1327ರಲ್ಲಿ ಮಡಿದ ಕಂಪಿಲರಾಯನ ಸುದ್ದಿ ನಮ್ಮ ಕುಮಾರರಾಮನ ಹಾಡುಕತೆಗಳಲ್ಲಿ ಒಂದು ಬಗೆಯಾಗಿ ಉಳಿದಿದೆ. ಇನ್ನೊಂದು ಬಗೆಯಾಗಿ ಮೊರೊಕ್ಕೊದ ಇಬ್ನ್ ಬತೂತನ ಪ್ರವಾಸಕಥನದಲ್ಲಿದೆ. ಪರಧರ್ಮದವನ ಎಚ್ಚರದ ಕಣ್ಣಿಗೆ ನಮ್ಮ ಚರಿತ್ರೆ ಎಷ್ಟು ಋಣಿ ಎಂಬುದು ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿ ಈ ನಾಲ್ಕು ಊರಿನವರಿಗೆ ತಿಳಿದಿರಬೇಕು. ಸೇ ಪ್ರಧಾನಾಲಯದ ಬಾಗಿಲಲ್ಲಿ ನಿಂತಾಗ ಪಾಯಸ್‌ನ ಹಾಗೆ ನೋಡಬೇಕೋ ನೂನಿಜ್‌ನ ಸುಣ್ಣದ ಮಾತಿನ ಹಾಗೆ ಷರಾ ಬರೆಯಬೇಕೋ ಎಂಬ ಆಯ್ಕೆ ನಮ್ಮದು.

ಈಗ ಆ ಕಟ್ಟಡವನ್ನು ನೋಡೋಣ. ಕೆಂಪು ಜಂಬಿಟ್ಟಿಗೆಯ ಗೋಡೆ, ಮೇಲೆ ಬಿಳಿ ಸುಣ್ಣ. ಉದ್ದ 250 ಅಡಿ, ಅಗಲ 181 ಅಡಿ. ಮುಖ ಪೂರ್ವಕ್ಕೆ. ಹೊರಗೆ ಅಲಂಕಾರ ಕಡಿಮೆ. ಒಳಗೆ ಮುಖ್ಯ ಪೂಜಾಪೀಠದ ಹಿಂದಿನ ಗೋಡೆಯಲ್ಲಿ ಸಂತ ಕತರೀನಳ ಬದುಕಿನ ಚಿತ್ರಗಳು ಚಿನ್ನದ ಮುಲಾಮಿನಲ್ಲಿ ಮೇಲಿನವರೆಗೂ ಏರಿವೆ. ಮುಂಭಾಗ ನೋಡಿದವರಿಗೆ ಏನೋ ಕೊರೆಯಾದಂತೆ ಅನಿಸುತ್ತದೆ, ಯಾಕೆಂದರೆ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿದು ಬಿದ್ದಿತು. ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ಚಿನ್ನದ ಗಂಟೆ ಎಂದು ಹೆಸರಾದ ದೊಡ್ಡ ಗಂಟೆಯಿದೆ. ಇದು ಗೋವಾ ಮಹಾಧರ್ಮಾಧ್ಯಕ್ಷರ ಪೀಠವಿರುವ ಇಗರ್ಜಿ. ಬಲಿಪೂಜೆ ಇಂದಿಗೂ ನಡೆಯುತ್ತದೆ, ಕೊಂಕಣಿಯ ಹಾಡೂ ಪ್ರಾರ್ಥನೆಯೂ ಕೇಳುತ್ತವೆ. ಹತ್ತು ವರ್ಷಕ್ಕೊಮ್ಮೆ ಸಂತ ಝೇವಿಯರ್ ಅವರ ಶರೀರವನ್ನು ಬೊಮ್ ಜೀಸಸ್‌ನಿಂದ ಮೆರವಣಿಗೆಯಲ್ಲಿ ತಂದು ಇಲ್ಲಿಯೇ ದರ್ಶನಕ್ಕೆ ಇಡುತ್ತಾರೆ. ಹಿಂದಿನ ಬಾರಿಯ ದರ್ಶನ 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆಯಿತು. ಸಾಲಿನಲ್ಲಿ ನಿಂತವರೆಲ್ಲ ಕ್ರೈಸ್ತರಲ್ಲ. ಹರಕೆ ಹೊತ್ತ ಹಿಂದೂಗಳೂ ಅದರಲ್ಲಿದ್ದರು.

ಹಳೆ ಗೋವೆ ಊರಾಗಿ ಸತ್ತು ಬಹಳ ಕಾಲವಾಯಿತು. ಮಲೇರಿಯಾ, ಕಾಲರಾದಂಥ ರೋಗಗಳು ಜನರನ್ನು ಓಡಿಸಿದವು. ವೈಸರಾಯ್ 1759ರಲ್ಲಿ ಪಣಜಿಗೆ ಹೋದ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಬೀದಿ ಬಜಾರುಗಳೆಲ್ಲ ತೆಂಗಿನ ತೋಟದೊಳಗೆ ಕರಗಿದ ಮೇಲೂ ಸೇ ಉಳಿಯಿತು. ಅದರಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಸಂತ ಅಗಸ್ಟೀನನ ಇಗರ್ಜಿ ಉಳಿಯಲಿಲ್ಲ. ಪೋರ್ಚುಗಲ್ ಸರ್ಕಾರ 1834-35ರಲ್ಲಿ ಸನ್ಯಾಸಿ ಸಂಘಗಳನ್ನು ರದ್ದು ಮಾಡಿದಾಗ ಅಗಸ್ಟೀನ್ ಸಂಘದ ಗುರುಗಳು ಬಿಟ್ಟು ಹೋಗಬೇಕಾಯಿತು. 1842ರಲ್ಲಿ ಅದರ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಖಭಾಗ ಬಿತ್ತು. ಈಗ ನಿಂತಿರುವುದು 46 ಮೀಟರ್ ಎತ್ತರದ ಒಂದು ಒಂಟಿ ಗೋಪುರ.

ಇದನ್ನು ಓದುವ ಹಂಪಿಯವರಿಗೆ ಎರಡು ಗುಡಿಗಳು ತಾವಾಗಿಯೇ ನೆನಪಾಗಬೇಕು. ವಿಜಯವಿಠ್ಠಲನ ಗುಡಿಯಲ್ಲಿ ಪೂಜೆ ನಿಂತಿತು. ಇವತ್ತು ಅಲ್ಲಿ ಟಿಕೆಟ್ ಇದೆ, ಸರಿಗಮ ಕಂಬಗಳನ್ನು ಯಾರೂ ಮುಟ್ಟದಂತೆ ಕಾವಲಿದೆ, ಐವತ್ತು ರೂಪಾಯಿ ನೋಟಿನ ಮೇಲೆ ಅಚ್ಚಾದ ಕಲ್ಲಿನ ರಥವಿದೆ, ವಿಠ್ಠಲನಿಲ್ಲ. ವಿರೂಪಾಕ್ಷ ಗುಡಿ ವಿಜಯನಗರಕ್ಕಿಂತ ಹಳೆಯದು. 1565ರ ನಂತರವೂ ಅಲ್ಲಿ ಪೂಜೆ ಕಡಿಯಲಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಅದರ ಜೀರ್ಣೋದ್ಧಾರವಾಯಿತು. ಚೈತ್ರದ ರಥ, ಮಾರ್ಗಶಿರದ ಫಲಪೂಜೆ ಇಂದಿಗೂ ಸುತ್ತಲಿನ ಹಳ್ಳಿಗಳ ಕ್ಯಾಲೆಂಡರಿನಲ್ಲಿವೆ. ಕಟ್ಟಡವನ್ನು ಕಾಯುವ ಮೊದಲ ಕಾವಲುಗಾರ ಅಲ್ಲಿ ಕೈಮುಗಿಯುವ ಮನುಷ್ಯ. ಪುರಾತತ್ವ ಇಲಾಖೆ ಬಂದಿದ್ದು ಆಮೇಲೆ. ದೀಪ ಹಚ್ಚುವವರು ಬರುತ್ತಿರುವ ತನಕ ಸೋರುವ ಚಾವಣಿಯನ್ನು ಯಾರಾದರೊಬ್ಬರು ಮುಚ್ಚುತ್ತಾರೆ.

ನೋಡಲು ಬಂದವರ ಕಣ್ಣಿಗೆ ಮಾತ್ರ ಇದು ತಿರುಗುಮುರುಗಾಗಿ ಕಾಣುತ್ತದೆ. ಅವರಿಗೆ ಸುಣ್ಣ ಬೇಡ, ಬಣ್ಣ ಬೇಡ, ಬರಿಗಲ್ಲು ಬೇಕು. ಬರಿಗಲ್ಲು ಪುರಾತನವಾಗಿ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಬೊಮ್ ಜೀಸಸ್ ಇಗರ್ಜಿಯ ಹೊರಗೋಡೆಯ ಗಾರೆಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆದರು. ಇಂದು ಪ್ರವಾಸಿಗಳು ಮೆಚ್ಚುವ ಅದರ ಕೆಂಗಲ್ಲಿನ ರೂಪ ಹೀಗೆ ಬಂದದ್ದು. ಕಟ್ಟಿದವರು ಕೊಟ್ಟ ರೂಪ ಅದಲ್ಲ. ಜಂಬಿಟ್ಟಿಗೆ ನೀರು ಹೀರುವ ಕಲ್ಲು. ಗೋವೆಯ ಮಳೆಗೆ ಅದನ್ನು ಬರಿಮೈಯಲ್ಲಿ ನಿಲ್ಲಿಸಿದರೆ ವರ್ಷವರ್ಷವೂ ಸವೆಯುತ್ತದೆ. ಗಾರೆಯನ್ನು ಮತ್ತೆ ಹಚ್ಚಬೇಕು ಎಂಬ ಕೂಗು ಇಗರ್ಜಿಯ ಒಳಗಿನಿಂದಲೇ ಎದ್ದಿದೆ. ಸುಣ್ಣ ಬಳಿದ ಸೇ ಅದಕ್ಕಿಂತ ಕಡಿಮೆ 'ಪುರಾತನ'ವಾಗಿ ಕಂಡರೂ ತನ್ನ ಮೂಲ ರೂಪಕ್ಕೆ ಹೆಚ್ಚು ಹತ್ತಿರವಾಗಿದೆ. ಹಂಪಿಯಲ್ಲಿಯೂ ಹಾಗೆಯೇ. ವಿರೂಪಾಕ್ಷ ಗುಡಿಯ ಬಿಷ್ಟಪ್ಪಯ್ಯನ ಗೋಪುರಕ್ಕೆ ಬಣ್ಣ ಬಳಿಯುತ್ತಾರೆಂದು ಮೂಗುಮುರಿಯುವವರು ಉಳಿದ ಗುಡಿಗಳ ಬೋಳು ಇಟ್ಟಿಗೆಯೇ ವಿಜಯನಗರ ಎಂದು ನಂಬಿರುತ್ತಾರೆ. ರಾಯರ ಕಾಲದ ಹಂಪಿ ಬೂದುಗಲ್ಲಿನ ಊರಾಗಿರಲಿಲ್ಲ. ಅದಕ್ಕೆ ಸುಣ್ಣದ ಬಿಳುಪಿತ್ತು, ಬಣ್ಣವಿತ್ತು, ಎಣ್ಣೆ ಕುಂಕುಮಗಳ ಜಿಡ್ಡೂ ಇತ್ತು. ಹಾಳನ್ನೇ ಚೆಂದ ಎಂದು ಬಗೆಯುವ ಕಣ್ಣು ಜೀವಂತ ಗುಡಿಯನ್ನು ಕಂಡು ಬೇಸರಪಡುತ್ತದೆ. ಈ ಕಣ್ಣನ್ನು ನಾವು ಗೋವೆಗೆ ಕೊಂಡೊಯ್ಯಬಾರದು.

ಇದಕ್ಕೊಂದು ಬಲವಾದ ಆಕ್ಷೇಪಣೆಯಿದೆ. ಪೂಜೆ ಮಾಡುವವರೇ ಸ್ಮಾರಕ ಕೆಡಿಸುವುದಿಲ್ಲವೇ? ಕೆಡಿಸುತ್ತಾರೆ. ಎಣ್ಣೆಹೊಗೆ ಚಾವಣಿಯ ಚಿತ್ರಗಳನ್ನು ಮಸುಕು ಮಾಡುತ್ತದೆ. ಗ್ರಾನೈಟ್ ಕಂಬದ ಮೇಲೆ ಎನಾಮೆಲ್ ಪೇಂಟು, ಕಲ್ಲುಹಾಸಿನ ಮೇಲೆ ಹೊಳೆಯುವ ಟೈಲ್ಸು, ಕಂಬಕ್ಕೆ ಮೊಳೆ, ಗೋಡೆಗೆ ದಾನಿಗಳ ಹೆಸರಿನ ಫಲಕ ಇವೆಲ್ಲ ಭಕ್ತಿಯ ಹೆಸರಿನಲ್ಲೇ ಆಗುವ ಕೆಲಸಗಳು. ಆದ್ದರಿಂದ ಕಾನೂನು ಬೇಕು, ಅದನ್ನು ಜಾರಿಗೆ ತರುವ ಇಲಾಖೆಯೂ ಬೇಕು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆ ಈ ವಿಷಯದಲ್ಲಿ ವಿವೇಕದಿಂದಲೇ ವರ್ತಿಸಿದೆ: ಸಂರಕ್ಷಿತ ಸ್ಮಾರಕವು ಪೂಜಾಸ್ಥಳವಾಗಿದ್ದರೆ ಆ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಅದನ್ನು ಬಳಸಬಾರದು ಎನ್ನುತ್ತದೆ. ಅಂದರೆ ಪೂಜೆಯನ್ನು ಅಡ್ಡಿಯೆಂದು ಅದು ಎಣಿಸಿಲ್ಲ. ಕಾಪಾಡಬೇಕಾದ ಗುಣವೆಂದೇ ಎಣಿಸಿದೆ. ಹಂಪಿಯಲ್ಲೂ ಹಳೆ ಗೋವೆಯಲ್ಲೂ ನಡೆಯುವುದು ಈ ಒಂದೇ ಕಾಯಿದೆ.

ಆದರೆ ಕಾಯುವ ಹೆಸರಿನಲ್ಲಿ ಜನರನ್ನು ದೂರ ಮಾಡಿದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ಅಂಗಡಿ ಇಟ್ಟುಕೊಂಡಿದ್ದ, ಬಾಳುತ್ತಿದ್ದ ಕುಟುಂಬಗಳನ್ನು 2011ರಲ್ಲಿ ಎಬ್ಬಿಸಲಾಯಿತು. ಮಂಟಪಗಳಿಗೆ ಅಂಟಿಸಿದ್ದ ಸಿಮೆಂಟು ತಗಡುಗಳು ಹೋಗಬೇಕಿತ್ತು, ನಿಜ. ಹೋದದ್ದು ಅಷ್ಟೇ ಅಲ್ಲ, ರಥಬೀದಿಯ ಸಂಜೆಯೂ ಹೋಯಿತು. 2024ರ ಮೇ ತಿಂಗಳ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಉರುಳಿತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಜನರನ್ನು ಎಬ್ಬಿಸಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ ಎಂಬುದಂತೂ ಅಲ್ಲಿಗೆ ಸಾಬೀತಾಯಿತು. ಆನೆಗೊಂದಿಯ ಕಡೆಗೆ ತಳವಾರಘಟ್ಟದಲ್ಲಿ ಕಟ್ಟಲು ಹೊರಟ ಸೇತುವೆಯ ಸಲುವಾಗಿ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಯಲ್ಲಿತ್ತು. ಆ ಸೇತುವೆ 2009ರಲ್ಲಿ ಕಟ್ಟುವಾಗಲೇ ಕುಸಿಯಿತು. ಹಳೆ ಗೋವೆಯಲ್ಲಿಯೂ ಸಂರಕ್ಷಿತ ಪ್ರದೇಶದೊಳಗೆ ಎದ್ದ ಹೊಸ ಕಟ್ಟಡದ ವಿರುದ್ಧ 2021ರಲ್ಲಿ ಊರವರು ಬೀದಿಗಿಳಿದರು. ಅವರಲ್ಲಿ ಇಗರ್ಜಿಗೆ ನಡೆದುಕೊಳ್ಳುವ ಭಕ್ತರೇ ಮುಂದಿದ್ದರು. ಸ್ಮಾರಕಕ್ಕೆ ನಿಜವಾದ ಅಪಾಯ ಬಂದಾಗ ದನಿಯೆತ್ತುವವರು ಅದರ ಜೊತೆ ಬದುಕುವವರೇ. ಪ್ರವಾಸಿ ಅಷ್ಟರಲ್ಲಿ ಇನ್ನೊಂದು ಊರಿಗೆ ಹೋಗಿರುತ್ತಾನೆ.

ಇನ್ನು ಕಠಿಣವಾದ ಮಾತಿಗೆ ಬರಬೇಕು. ಹಳೆ ಗೋವೆಯ ಪ್ರಧಾನಾಲಯದಲ್ಲಿ ನಿಂತ ನಮ್ಮವರಲ್ಲಿ ಹಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುದಿಯುತ್ತಿರುತ್ತದೆ: ಈ ಇಗರ್ಜಿಗಳಿಗಾಗಿ ಎಷ್ಟು ಗುಡಿಗಳು ಬಿದ್ದವು? ಈ ಪ್ರಶ್ನೆಯನ್ನು ಅಸಭ್ಯವೆಂದು ತಳ್ಳಬಾರದು. ಗೋವೆಯ ತಿಸ್ವಾಡಿಯಲ್ಲಿ 1540ರ ಹೊತ್ತಿಗೆ ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವಿದರು. ಮುಂದೆ ಬಾರ್ದೇಶ, ಸಾಷ್ಟಿಗಳಲ್ಲಿಯೂ ಅದೇ ನಡೆಯಿತು. ಮಂಗೇಶ, ಶಾಂತಾದುರ್ಗೆಯರು ನದಿ ದಾಟಿ ಫೊಂಡಾ ಕಡೆ ಹೋದದ್ದು ಹಾಗೆ. 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ಎಂಬ ಮತೀಯ ನ್ಯಾಯಾಲಯ ಹಳೆ ಗೋವೆಯಲ್ಲಿಯೇ ಇತ್ತು. ಅದರ ಹೆಸರು ಹೇಳಿದರೆ ಜನ ನಡುಗುತ್ತಿದ್ದರು. ಹಳೆ ಗೋವೆಯ ಎದುರಿಗೇ ಮಾಂಡವಿ ನದಿಯಲ್ಲಿ ದೀವಾಡಿ ದ್ವೀಪವಿದೆ. ಗೋವೆಯ ಕದಂಬರ ಕುಲದೈವ ಸಪ್ತಕೋಟೇಶ್ವರ ಅಲ್ಲಿದ್ದ. ಬಹಮನಿ ದಾಳಿಯಲ್ಲಿ ಹಾಳಾದ ಆ ಲಿಂಗವನ್ನು 14ನೆಯ ಶತಮಾನದ ಕೊನೆಗೆ ಮತ್ತೆ ಪ್ರತಿಷ್ಠಾಪಿಸಿದವನು ವಿಜಯನಗರದ ಮಾಧವ ಮಂತ್ರಿ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದಾಗ ಭಕ್ತರು ಹೊಳೆಯಾಚೆ ನಾರ್ವೆಗೆ ಒಯ್ದರು. 1668ರಲ್ಲಿ ಶಿವಾಜಿ ಅಲ್ಲಿ ಗುಡಿ ಕಟ್ಟಿಸಿದ. ಇದು ನಮ್ಮ ಚರಿತ್ರೆಯೂ ಹೌದು. ಸೇ ನೋಡಿ ಬರುವವರು ಇದನ್ನು ತಿಳಿದೇ ಬರಬೇಕು. ಸೇ ಕೂಡ ವಿಜಯದ ಗುರುತೇ: ಸಂತ ಕತರೀನಳ ಹಬ್ಬದ ದಿನ ಊರು ಕೈವಶವಾಯಿತೆಂದೇ ಅದನ್ನು ಅವಳಿಗೆ ಅರ್ಪಿಸಿದರು.

ಈಗ ಅದೇ ಅಳತೆಗೋಲನ್ನು ಹಂಪಿಗೆ ತರೋಣ. ಹಂಪಿಯ ಕೃಷ್ಣ ದೇವಸ್ಥಾನವೂ ವಿಜಯದ ಗುರುತು. ಕೃಷ್ಣದೇವರಾಯ ಉದಯಗಿರಿಯ ಕೋಟೆಯನ್ನು ಗಜಪತಿಗಳಿಂದ ಗೆದ್ದು, ಅಲ್ಲಿನ ಬಾಲಕೃಷ್ಣನ ಮೂರ್ತಿಯನ್ನು ತಂದು ಇಲ್ಲಿ ಪ್ರತಿಷ್ಠೆ ಮಾಡಿಸಿದ. 1515ರ ಶಾಸನ ಅದನ್ನು ಹೇಳುತ್ತದೆ. ಗೋಪುರದ ಗಾರೆಯಲ್ಲಿ ಆ ಯುದ್ಧದ ಕುದುರೆಗಳೂ ಸೈನಿಕರೂ ಇದ್ದಾರೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ರಾಯ ಸೋತವನ ದೇವರನ್ನು ತಂದು ಪೂಜಿಸಿದ, ಪೋರ್ಚುಗೀಸರು ಸೋತವರ ದೇವರನ್ನು ಒಡೆದರು. ಈ ಅಂತರ ದೊಡ್ಡದು, ಅದನ್ನು ಮರೆಮಾಚಬೇಕಿಲ್ಲ. ಆದರೆ ಉದಯಗಿರಿಯ ಗುಡಿಯಲ್ಲಿ ಅಂದು ಬರಿದಾದ ಪೀಠದ ಮುಂದೆ ನಿಂತ ಭಕ್ತನಿಗೂ ಒಂದು ದುಃಖವಿದ್ದಿರಲೇಬೇಕು. ದೊರೆಗಳು ದೇವರ ಮನೆಯನ್ನು ತಮ್ಮ ಗೆಲುವಿನ ಲೆಕ್ಕದ ಪುಸ್ತಕ ಮಾಡಿಕೊಂಡದ್ದು ಒಂದೆರಡು ಕಡೆಯಲ್ಲ.

ಹಾಗಾದರೆ ಆ ಲೆಕ್ಕವನ್ನು ಇಂದು ಯಾರಿಂದ ವಸೂಲಿ ಮಾಡಬೇಕು? ಸೇ ಪ್ರಧಾನಾಲಯದ ಬೆಂಚಿನಲ್ಲಿ ಜಪಸರ ಹಿಡಿದು ಕೂತ ಅಜ್ಜಿಯಿಂದಲೇ? ಅವಳ ಮುತ್ತಜ್ಜನ ಮುತ್ತಜ್ಜನೇ ಆ ಕಾಲದ ಬಲವಂತಕ್ಕೆ ಸಿಕ್ಕವನಾಗಿರಬಹುದು. ಅವಳ ಭಕ್ತಿ ಇಂದಿನದು, ಅವಳ ಸ್ವಂತದ್ದು. ಉದಯಗಿರಿಯ ಲೆಕ್ಕವನ್ನು ಹಂಪಿಯ ಗೈಡಿನ ಹತ್ತಿರ ಕೇಳಿದರೆ ನಮಗೆ ಎಷ್ಟು ವಿಚಿತ್ರವೆನಿಸುತ್ತದೆಯೋ ಇದೂ ಅಷ್ಟೇ ವಿಚಿತ್ರ. ಹೊಸಪೇಟೆಯಲ್ಲಿಯೇ ನಮ್ಮ ಜೊತೆ ಬದುಕುವ ಕೆಥೋಲಿಕರಿದ್ದಾರೆ. ಅವರು ಸೇರುವ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಗಿದ್ದು 1949ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಅವರಿಗೂ ಅಲ್ಬುಕರ್ಕನಿಗೂ ಏನು ಸಂಬಂಧ? ಚರಿತ್ರೆಯನ್ನು ಪೂರ್ತಿ ತಿಳಿಯಬೇಕು, ಅದರ ಬಾಕಿಯನ್ನು ಬದುಕಿರುವವರ ಮೇಲೆ ಹೊರಿಸಬಾರದು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ, ಆದರೆ ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬೆಲೆಯಿಲ್ಲ.

ನೋವನ್ನು ಮುಚ್ಚಿಡುವವರಿಂದಲೂ ಈ ಕೆಲಸ ಕೆಡುತ್ತದೆ. ಸ್ಮಾರಕದ ಮುಂದಿನ ಫಲಕಗಳು ಉದ್ದ, ಅಗಲ, ಶೈಲಿ, ಕಟ್ಟಿಸಿದ ವರ್ಷ ಇಷ್ಟನ್ನೇ ಹೇಳಿ ಸುಮ್ಮನಾಗುತ್ತವೆ. ಉಳಿದದ್ದನ್ನು ಜನ ವಾಟ್ಸಾಪಿನಿಂದ ತುಂಬಿಸಿಕೊಳ್ಳುತ್ತಾರೆ. ಸೇ ಪಕ್ಕದಲ್ಲಿಯೇ, ಸಂತ ಫ್ರಾನ್ಸಿಸ್ ಅಸಿಸಿಯ ಹಳೆಯ ಕಾನ್ವೆಂಟಿನಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಕದಂಬರ ಕಾಲದ ವೀರಗಲ್ಲುಗಳು, ಹಳೆಯ ದೇವಮೂರ್ತಿಗಳು ಒಂದು ಕಡೆ, ಪೋರ್ಚುಗೀಸ್ ವೈಸರಾಯ್‌ಗಳ ಸಾಲು ಚಿತ್ರಗಳು ಇನ್ನೊಂದು ಕಡೆ. ಪ್ರಧಾನಾಲಯಕ್ಕೆ ಹೋದವರು ಅದನ್ನು ಬಿಟ್ಟು ಬರಬಾರದು. ನಮ್ಮ ಊರುಗಳ ಓಣಿಗಳಲ್ಲಿ ನಿಂತ ವೀರಗಲ್ಲಿನ ಬಂಧುಗಳು ಅಲ್ಲಿದ್ದಾರೆ.

ಬಾಗಿಲು ಯಾರಿಗೆ ತೆರೆದಿದೆ ಎಂಬುದೂ ನೋಡುಗ ಕೇಳಬೇಕಾದ ಪ್ರಶ್ನೆ. ಸೇ ಬಾಗಿಲಲ್ಲಿ ಯಾರ ಜಾತಿ ಧರ್ಮವನ್ನೂ ಕೇಳುವುದಿಲ್ಲ. ಮೈಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಮೌನವಾಗಿರಿ ಎಂಬ ಕೋರಿಕೆ ಮಾತ್ರ ಇದೆ. ಹಾಗೆಂದು ಅಲ್ಲಿ ಎಲ್ಲವೂ ಸಮಾನವಾಗಿತ್ತು ಎಂದಲ್ಲ. ಗೋವೆಯ ಇಗರ್ಜಿಗಳ ಹಬ್ಬ ನಡೆಸುವ ಕೂಟಗಳಲ್ಲಿ ಜಾತಿಯ ಸಾಲು ಬಹುಕಾಲ ಉಳಿದಿತ್ತು. ನಮ್ಮ ಕಡೆ ನೋಡಿದರೆ ಸಂಡೂರು ಸಂಸ್ಥಾನ ಕುಮಾರಸ್ವಾಮಿ ಗುಡಿಯನ್ನು 1932ರಲ್ಲಿಯೇ ದಲಿತರಿಗೆ ತೆರೆಯಿತು, ತಿರುವಾಂಕೂರಿನ 1936ರ ಘೋಷಣೆಗೂ ಮುಂಚೆ. ಅದಾಗಿ ಎರಡು ವರ್ಷಕ್ಕೆ, 1934ರಲ್ಲಿ, ಗಾಂಧೀಜಿ ಸಂಡೂರಿಗೆ ಬಂದರು. ಆದರೆ ಆ ಕುಮಾರಸ್ವಾಮಿಯ ದರ್ಶನಕ್ಕೆ ಹೆಣ್ಣುಮಕ್ಕಳು ಹೋಗಬಾರದೆಂಬ ಹಳೆಯ ನಿಷೇಧ ಗುಡಿಗೆ ಅಂಟಿಕೊಂಡೇ ಬಂದಿತು. ಬೇರೆಯವರ ಮನೆಯ ಅಸಮಾನತೆ ಕಂಡಾಗ ನಮ್ಮ ಮನೆಯದೂ ನೆನಪಾದರೆ ಪ್ರವಾಸಕ್ಕೆ ಕೊಟ್ಟ ದುಡ್ಡು ಸಾರ್ಥಕ.

ಇಷ್ಟೆಲ್ಲ ಹೇಳಿದ ಮೇಲೆ ಮಾಡಬೇಕಾದ್ದು ಸರಳ. ಹಳೆ ಗೋವೆಗೆ ಹೋಗುವಾಗ ಅರ್ಧ ದಿನದ ಬದಲು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುವ ತನಕ ಕಾಯಿರಿ, ಇಲ್ಲವೇ ಹೊರಗಿರಿ. ನಡುವೆ ಎದ್ದು ಓಡಾಡಬೇಡಿ, ಪ್ರಾರ್ಥಿಸುವವರ ಮುಖಕ್ಕೆ ಮೊಬೈಲು ಹಿಡಿಯಬೇಡಿ. ಪ್ರಸಾದವೆಂದು ಭಾವಿಸಿ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬೇಡಿ, ಅದು ದೀಕ್ಷೆ ಪಡೆದವರಿಗೆ ಮಾತ್ರ. ಸೇ ನೋಡಿದ ಮೇಲೆ ಅಗಸ್ಟೀನನ ಒಂಟಿ ಗೋಪುರವನ್ನೂ, ವಸ್ತುಸಂಗ್ರಹಾಲಯವನ್ನೂ, ಸಾಧ್ಯವಾದರೆ ನಾರ್ವೆಯ ಸಪ್ತಕೋಟೇಶ್ವರನನ್ನೂ ನೋಡಿ ಬನ್ನಿ. ಒಂದನ್ನು ಮಾತ್ರ ನೋಡಿದವರಿಗೆ ಗೋವೆ ಅರ್ಧವೇ ತಿಳಿಯುತ್ತದೆ.

ಊರಿಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಂಪಿಯ ಪ್ರಾಧಿಕಾರ, ಪುರಾತತ್ವ ಇಲಾಖೆ, ಮುಜರಾಯಿ ಇಲಾಖೆ ಈ ಮೂವರನ್ನೂ ನಾವು ಕೇಳಬೇಕು: ಪೂಜೆಯ ಹೊತ್ತನ್ನೂ ನಡವಳಿಕೆಯನ್ನೂ ಬಂದವರಿಗೆ ಗೌರವದಿಂದ ತಿಳಿಸುವ ಫಲಕ ಎಲ್ಲಿದೆ? ಕೃಷ್ಣ ಗುಡಿಯ ಮುಂದೆ ಉದಯಗಿರಿಯ ಕತೆ ಪೂರ್ತಿ ಯಾಕಿಲ್ಲ? ರಾಯರ ಕೆರೆಯ ಏರಿಯ ಮೇಲೆ, ಗೋವೆಯಿಂದ ಬಂದ ಮೇಸ್ತ್ರಿಯ ಹೆಸರೂ ಬಲಿಯಾದವರ ಸುದ್ದಿಯೂ ಇರುವ ಒಂದು ಕಲ್ಲು ನಿಲ್ಲಿಸಲು ಎಷ್ಟು ಖರ್ಚಾದೀತು? ಪರಊರಿನ ದೇವರ ಮನೆಯಲ್ಲಿ ಸರಿಯಾಗಿ ನಡೆದುಕೊಂಡು ಬಂದವರಿಗೆ ಮಾತ್ರ ತಮ್ಮ ಊರಿನಲ್ಲಿ ಈ ಪ್ರಶ್ನೆ ಕೇಳುವ ಹಕ್ಕು ಗಟ್ಟಿಯಾಗುತ್ತದೆ. ಮುಂದಿನ ರಜೆಗೆ ವಾಸ್ಕೋ ರೈಲು ಹತ್ತುವವರು ಆ ಹಕ್ಕನ್ನು ಸಂಪಾದಿಸಿಕೊಂಡು ಬರಲಿ.